ಚುಕ್ಕಿಯಿಟ್ಟು ಮುಖ ಬರೆದ ವರ್ಷಗಳು

ಈಗಿನವರಿಗೆ ಬ್ಲಾಕ್ ಮಾಡುವುದು ಎಂದರೆ ಬೇಡದವರ ಫೋನು ಬರದಂತೆ ತಡೆಯುವುದು. ನಾನು ವಯಸ್ಸಿನಲ್ಲಿದ್ದಾಗ ಬ್ಲಾಕ್ ಮಾಡುತ್ತಿದ್ದೆ ಎಂದರೆ ಮನೆಯ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಮ್ಮ ಕಾಲದ ಬ್ಲಾಕು ಅಂಗೈ ಅಗಲದ ಸತುವಿನ ತಗಡು. ಅದರಲ್ಲಿ ಚಿತ್ರವನ್ನು ಆಸಿಡ್ಡಿನಿಂದ ಕೊರೆದು, ಅಡಿಗೆ ಮರದ ತುಂಡು ಬಡಿದು, ಅಚ್ಚಿನ ಮೊಳೆಗಳ ಪಕ್ಕ ಕೂರಿಸಿದರೆ ಕಾಗದದ ಮೇಲೆ ಚಿತ್ರ ಬೀಳುತ್ತಿತ್ತು. ಶ್ರೀರಂಗಪಟ್ಟಣದಲ್ಲಿ ಅಂಥದ್ದೊಂದು ಅಂಗಡಿಯಿತ್ತು. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಪ್ರೆಸ್ಸಿನವರೆಲ್ಲ ಚಿತ್ರ ಬೇಕಾದರೆ ಅಲ್ಲಿಗೇ ಬರುತ್ತಿದ್ದರು. ಮದುವೆ ಕಾಗದದ ಗಣಪತಿಯಿಂದ ತಿಥಿ ಕಾರ್ಡಿನ ಅಜ್ಜನವರೆಗೆ ಎಲ್ಲರೂ ನಮ್ಮ ಕೈ ದಾಟಿಯೇ ಹೋಗಬೇಕಿತ್ತು.

ಕಂಪ್ಯೂಟರಿನಲ್ಲಿ ಚಿತ್ರ ಮಾಡಲು ಕಲಿಯುತ್ತಿರುವ ಹುಡುಗಿಯರು ಈಗ ನನ್ನನ್ನು ಕೇಳುತ್ತಾರೆ, ‘ಆವಾಗ ಎಂಗೆ ಮಾಡ್ತಿದ್ರಿ ಜಯಕ್ಕ?’ ಎಂದು. ನಿಂತ ನಿಲುವಿನಲ್ಲಿ ಹೇಳಿ ಮುಗಿಯುವುದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಚಿನಕುರಳಿ. ಎಸ್ಸೆಸ್ಸೆಲ್ಸಿ ಮುಗಿಸಿ, ಡ್ರಾಯಿಂಗ್ ಪರೀಕ್ಷೆಯನ್ನೂ ಪಾಸು ಮಾಡಿ ಮನೆಯಲ್ಲಿ ಕೂತಿದ್ದೆ. ಬ್ಲಾಕ್ ಅಂಗಡಿಯ ಮಾಲೀಕರಾದ ಚೌಡೇಗೌಡರು ನಮ್ಮಪ್ಪನಿಗೆ ದೂರದ ನೆಂಟರು. ಅಪ್ಪ ನನ್ನನ್ನು ಅವರ ಮುಂದೆ ನಿಲ್ಲಿಸಿ, “ರಂಗೋಲಿ ಚೆಂದಾಗಿ ಬುಡ್ತಾಳೆ ಕಣಣ್ಣ, ಏನಾರ ಕೆಲ್ಸ ಕೊಡು” ಎಂದ.

ಒಳಗೆ ತಗಡು ಉಜ್ಜುತ್ತಿದ್ದ ಬಾಷಾ ಸಾಹೇಬರು ತಲೆಯೆತ್ತಿದರು. ಊರ ಪಕ್ಕದ ಗಂಜಾಂ ಕಡೆಯವರು. ಅಂಗಡಿಯ ಕ್ಯಾಮೆರಾ, ಆಸಿಡ್ಡಿನ ತೊಟ್ಟಿ ಎಲ್ಲವೂ ಅವರ ವಶ. ಮಾಲೀಕರೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದರು.

“ರಂಗೋಲಿಯಾಗೆ ಚುಕ್ಕಿ ಎಲ್ಲಾ ಒಂದೇ ಸೈಜು ಬೇಟಿ. ಇಲ್ಲಿ ಸಾಲು ಒಂದೇ, ಸೈಜು ಬ್ಯಾರೆ ಬ್ಯಾರೆ. ಆಯ್ತದಾ?”

ಏನೂ ಅರ್ಥವಾಗಲಿಲ್ಲ. ಆದರೂ ಆಯ್ತದೆ ಎಂದುಬಿಟ್ಟೆ.

ಅರ್ಥವಾದದ್ದು ಅವರು ಕೈಗೆ ಭೂತಗನ್ನಡಿ ಕೊಟ್ಟು, ದಿನಪತ್ರಿಕೆಯ ಒಂದು ಫೋಟೋ ಮುಂದಿಟ್ಟಾಗ. ಬರಿಗಣ್ಣಿಗೆ ಅದು ಯಾರೋ ಒಬ್ಬರ ಕೆನ್ನೆ. ಗಾಜಿನಡಿ ನೋಡಿದರೆ ಕೆನ್ನೆಯೇ ಇಲ್ಲ, ಸಾಲು ಸಾಲು ಚುಕ್ಕಿ. ಬೆಳಕು ಬಿದ್ದ ಕಡೆ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣವು. ದವಡೆಯ ನೆರಳಿಗೆ ಬಂದಂತೆ ಊದಿಕೊಂಡು ಒಂದನ್ನೊಂದು ಮುಟ್ಟುವಂಥವು. ಕೂದಲಿನಲ್ಲಂತೂ ಎಲ್ಲ ಕೂಡಿ ಕಪ್ಪಾಗಿ, ನಡುವೆ ಬಿಳಿ ಕಿಂಡಿಗಳಷ್ಟೇ ಉಳಿದಿದ್ದವು.

“ಮಸಿ ಒಂದೇ ಕಪ್ಪು. ಮಿಷನ್ನಿಗೆ ಬೂದಿ ಬಣ್ಣ ಗೊತ್ತಿಲ್ಲ,” ಎಂದರು ಉಸ್ತಾದ್. “ಹತ್ತಿದ್ರೆ ಹತ್ತಿತು, ಇಲ್ಲಾಂದ್ರೆ ಇಲ್ಲ. ಚುಕ್ಕಿ ಸಣ್ಣದು ದೊಡ್ಡದು ಮಾಡಿ ನಾವು ಕಣ್ಣಿಗೆ ಬೂದಿ ತೋರಿಸ್ಬೇಕು.”

ಚುಕ್ಕಿ ಮಾಡುವುದು ಒಂದು ಗಾಜು. ಗೋಡೆಯಿಂದ ಗೋಡೆಗೆ ಮುಟ್ಟುವಂಥ ದೊಡ್ಡ ಕ್ಯಾಮೆರಾದೊಳಗೆ, ಫಿಲ್ಮಿನ ಮುಂದೆ ಅದನ್ನು ನಿಲ್ಲಿಸುತ್ತಿದ್ದೆವು. ಅದರ ತುಂಬ ಅಡ್ಡಕ್ಕೂ ಉದ್ದಕ್ಕೂ ಕೂದಲೆಳೆಯಂಥ ಕಪ್ಪು ಗೆರೆ. ಫೋಟೋದಿಂದ ಬಂದ ಬೆಳಕು ಆ ಕಿಂಡಿಗಳಲ್ಲಿ ಹಾಯುವಾಗ ಚುಕ್ಕಿಗಳಾಗಿ ಒಡೆಯುತ್ತಿತ್ತು. ಅದಕ್ಕೆ ಸ್ಕ್ರೀನು ಎಂದು ಹೆಸರು. ನುಣುಪು ಕಾಗದಕ್ಕೆ ಒತ್ತು ಗೆರೆಯ ಸ್ಕ್ರೀನು, ಒರಟು ಕಾಗದಕ್ಕೆ ಬಿಡಿ ಗೆರೆಯದು. ತಿರುಗುಮುರುಗಾದರೆ ಮಸಿ ಹರಡಿ ಮುಖ ಇದ್ದಿಲಾಗುತ್ತಿತ್ತು. ಹಾಗಾಗಿ ಯಾರಾದರೂ ಚಿತ್ರ ತಂದರೆ ಉಸ್ತಾದ್ ಚಿತ್ರವನ್ನು ನೋಡುತ್ತಲೇ ಇರಲಿಲ್ಲ. ‘ಕಾಗದ ಯಾವ್ದು? ಕಾಗದ ತಂದೀಯಾ?’ ಎಂದು ಕೇಳಿ, ಅದನ್ನು ಎರಡು ಬೆರಳಿನಲ್ಲಿ ಉಜ್ಜಿ ನೋಡುತ್ತಿದ್ದರು. ಈ ಕೆಲಸಕ್ಕೆ ಬರುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಚಿತ್ರ ಆಮೇಲೆ, ಮೊದಲು ಕಾಗದ ಮುಟ್ಟಿ ನೋಡಿ.

ನಮ್ಮ ದೀಪಗಳದ್ದೇ ಇನ್ನೊಂದು ಪಾಡು. ಎರಡು ಇದ್ದಿಲ ಕಡ್ಡಿಗಳ ನಡುವೆ ಬೆಂಕಿ ಹಾರಿ ಉರಿಯುವ ದೀಪ ಅವು. ಸುತ್ತಲ ಗದ್ದೆಗಳಲ್ಲಿ ಪಂಪ್‌ಸೆಟ್ಟು ಓಡತೊಡಗಿದರೆ ವೋಲ್ಟೇಜು ಇಳಿದು ದೀಪ ಸುಯ್ಯೆಂದು ಮಂಕಾಗುತ್ತಿತ್ತು. ಅರ್ಧ ತೆಗೆದ ಫಿಲ್ಮು ಹಾಳು. ಚೌಡೇಗೌಡರು ಬಾಗಿಲಲ್ಲಿ ನಿಂತು ಊರಿನ ಪಂಪ್‌ಸೆಟ್ಟುಗಳಿಗೆಲ್ಲ ಶಾಪ ಹಾಕುತ್ತಿದ್ದರು. ಅವರದೇ ಗದ್ದೆಯಲ್ಲೂ ಎರಡು ಓಡುತ್ತಿವೆ ಎಂದು ಹೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ಗೌಡರು ಕೆಟ್ಟವರಲ್ಲ, ಅವಸರದವರು. ಒಂದು ಸಲ ಸಹಕಾರ ಸಂಘದ ಚುನಾವಣೆಗೆ ನಿಂತವರೊಬ್ಬರು ಪಾಂಡವಪುರದಿಂದ ಬಂದರು. ಕರಪತ್ರಕ್ಕೆ ಮುಖದ ಬ್ಲಾಕು ಬೇಕು. ತಂದದ್ದು ಫೋಟೋ ಅಲ್ಲ, ಪತ್ರಿಕೆಯಿಂದ ಕತ್ತರಿಸಿದ ತಮ್ಮ ಚಿತ್ರ. ಉಸ್ತಾದ್ ಅವತ್ತು ರಜೆ. ಅದರಲ್ಲಿ ಆಗಲೇ ಚುಕ್ಕಿ ಇದೆ, ಮತ್ತೆ ಸ್ಕ್ರೀನು ಹಾಕಿದರೆ ಏನಾಗುತ್ತದೋ ಎಂದು ನಾನು ಹಿಂಜರಿದೆ.

“ಚುಕ್ಕಿ ಮ್ಯಾಲೆ ಚುಕ್ಕಿ ಬಿದ್ರೆ ಇನ್ನೂ ಚೆಂದಾಗಿ ಬತ್ತದೆ, ಹಾಕವ್ವ,” ಎಂದರು ಗೌಡರು.

ಹಾಕಿದೆ. ಪ್ರೂಫು ತೆಗೆದರೆ ಮುಖದ ತುಂಬ ಚೌಕಳಿ. ಹಳೆಯ ಸಾಲೂ ಹೊಸ ಸಾಲೂ ಒಂದಕ್ಕೊಂದು ತಾಗಿ, ಹಣೆಯಿಂದ ಗಲ್ಲದವರೆಗೆ ಬಲೆ ಎಳೆದಂತೆ ಕಂಡಿತು. ಅಭ್ಯರ್ಥಿಗಳು ಅದನ್ನು ಹಿಡಿದುಕೊಂಡು, “ಇದೇನ್ ಗೌಡ್ರೇ, ಸೊಳ್ಳೆಪರದೆ ಒಳಗೆ ಮಲಗ್ಸಿದ್ದೀರಲ್ಲ ನನ್ನ? ಎದ್ದು ಓಟು ಕೇಳೋದೆಂಗೆ?” ಎಂದರು. ಗೌಡರಿಗೂ ನಗು ತಡೆಯಲಾಗಲಿಲ್ಲ.

ಮಾರನೇ ದಿನ ಉಸ್ತಾದ್ ಬಂದು ಆ ತುಂಡನ್ನು ಹಲಗೆಯ ಮೇಲೆ ಸ್ವಲ್ಪ ಓರೆ ತಿರುಗಿಸಿ ಅಂಟಿಸಿದರು. ಕ್ಯಾಮೆರಾದ ಕಣ್ಣನ್ನೂ ಒಂದಿಷ್ಟು ಮಬ್ಬಾಗಿಸಿದರು. ಬಲೆ ಮಾಯವಾಯಿತು. ಸಾಲು ಯಾವ ಕೋನದಲ್ಲಿ ಓಡುತ್ತದೆ ಎಂಬುದೂ ಒಂದು ವಿದ್ಯೆ ಎಂದು ನಾನು ಕಲಿತದ್ದು ಆ ಸೊಳ್ಳೆಪರದೆಯಿಂದ. ಅಭ್ಯರ್ಥಿಗಳು ಗೆದ್ದರು. ಅದರಲ್ಲಿ ಬ್ಲಾಕಿನ ಪಾಲೆಷ್ಟೋ ಗೊತ್ತಿಲ್ಲ.

ಆಸಿಡ್ಡಿನ ಕೆಲಸದಿಂದ ನನ್ನ ಬೆರಳುಗಳು ಹಳದಿಯಾಗಿದ್ದವು. ಎಷ್ಟು ಸೋಪು ಹಾಕಿದರೂ ಹೋಗುವಂಥದ್ದಲ್ಲ. ಪಾಂಡವಪುರದ ಮೇಷ್ಟ್ರೊಬ್ಬರ ಮನೆಯವರು ನನ್ನನ್ನು ನೋಡಲು ಬಂದಾಗ ಹುಡುಗನ ತಾಯಿ ನನ್ನ ಕೈ ಹಿಡಿದು, “ಅರಿಸ್ನ ಹಚ್ಕೊಂಡಿದ್ದೀಯೇನವ್ವ?” ಎಂದು ಮೆಚ್ಚುಗೆಯಿಂದ ಕೇಳಿದರು. ಅಮ್ಮ ಹೂಂ ಎನ್ನುವಂತೆ ಕಣ್ಸನ್ನೆ ಮಾಡಿದಳು. “ಇಲ್ಲ, ಆಸಿಡ್ಡು,” ಎಂದುಬಿಟ್ಟೆ. ಆಗ ಹುಡುಗ, “ಯಾವ ಆಸಿಡ್ಡು? ನೈಟ್ರಿಕ್ಕಾ?” ಎಂದ. ಸತುವನ್ನು ಅದು ಹೇಗೆ ತಿನ್ನುತ್ತದೆ, ಚುಕ್ಕಿ ಹೇಗೆ ಉಳಿಯುತ್ತದೆ ಎಂದು ಕೇಳುತ್ತಾ ಹೋದ. ಬಂದವರ ಕಾಫಿ ಆರಿಹೋಯಿತು. ಆ ಮೇಷ್ಟ್ರನ್ನೇ ಮದುವೆಯಾದ ಮೇಲೂ ನಾನು ಚಿನಕುರಳಿಯಿಂದ ಬರುವ ಅದೇ ಬಸ್ಸಿನಲ್ಲಿ ಅದೇ ಅಂಗಡಿಗೆ ಹೋದೆ.

ಇನ್ನು ನಾನು ಯಾವತ್ತೂ ಮರೆಯದ ಕೆಲಸಕ್ಕೆ ಬರುತ್ತೇನೆ.

ಬಿಂಡಿಗನವಿಲೆ ಕಡೆಯ ಬೋರಯ್ಯ ಎಂಬವನು ಒಂದು ಬೆಳಿಗ್ಗೆ ಬಂದ. ಕುರಿ ಸಾಕುವ ಮನೆಯವನು. ಅವನ ತಮ್ಮ ಚಿಕ್ಕಣ್ಣನಿಗೆ ಹುಟ್ಟಿದಾಗಿನಿಂದ ಕಿವಿ ಕೇಳದು, ಮಾತೂ ಬಾರದು. ಅಣ್ಣತಮ್ಮಂದಿರು ಕುರಿ ಮಾರಲು ನಾಗಮಂಗಲಕ್ಕೆ ಹೋಗಿದ್ದಾಗ ಬಸ್ ನಿಲ್ದಾಣದ ಜನಜಂಗುಳಿಯಲ್ಲಿ ಚಿಕ್ಕಣ್ಣ ಕಾಣೆಯಾಗಿದ್ದ. ಯಾವ ಬಸ್ಸು ಹತ್ತಿದನೋ ಯಾರಿಗೂ ತಿಳಿಯದು. ಕೇಳಿದವರಿಗೆ ಹೆಸರು, ಊರು ಹೇಳುವಂತಿಲ್ಲ. ಓದು ಬರಹವೂ ಇಲ್ಲ. ಹುಡುಕಿ ಸೋತು ಕರಪತ್ರ ಹಂಚೋಣವೆಂದು ಪ್ರೆಸ್ಸಿಗೆ ಹೋದರೆ, ಪ್ರೆಸ್ಸಿನವರು ಮುಖದ ಬ್ಲಾಕಿಗೆ ನಮ್ಮಲ್ಲಿಗೆ ಕಳಿಸಿದ್ದರು.

ಬೋರಯ್ಯ ಪಂಚೆಯ ಗಂಟು ಬಿಚ್ಚಿ ಒಂದು ಫೋಟೋ ತೆಗೆದ. ಅವನದೇ ಮದುವೆಯ ಗುಂಪು ಫೋಟೋ. ಹಿಂದಿನ ಸಾಲಿನಲ್ಲಿ, ಯಾರದೋ ಪೇಟದ ಹಿಂದೆ, ಅವರೆಕಾಳಿನಷ್ಟು ಒಂದು ಮುಖ.

“ಇದೊಂದೇ ಇರೋದು ಕಣಕ್ಕ,” ಎಂದ.

ಉಸ್ತಾದ್ ಆ ಮುಖವನ್ನು ಕ್ಯಾಮೆರಾದಲ್ಲಿ ಎಷ್ಟು ಸಾಧ್ಯವೋ ಅಷ್ಟು ದೊಡ್ಡದು ಮಾಡಿದರು. ಒರಟು ಕಾಗದಕ್ಕೆ ತಕ್ಕ ಬಿಡಿ ಗೆರೆಯ ಸ್ಕ್ರೀನು ಹಾಕಿ, ತಗಡು ಕೊರೆದು ಪ್ರೂಫು ತೆಗೆದರು. ಕಣ್ಣಿನ ಜಾಗದಲ್ಲಿ ಎರಡು ಮಸಿ ಕಲೆ. ಮೂಗಿಲ್ಲ, ತುಟಿಯಿಲ್ಲ. ಬೋರಯ್ಯ ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, “ಯಾರಣ್ಣ ಇದು?” ಎಂದ.

ಆಮೇಲೆ ಅವನಿಗೇ ಹೊಳೆದು ಅಲ್ಲೇ ಮೆಟ್ಟಿಲ ಮೇಲೆ ಕುಕ್ಕರಿಸಿಬಿಟ್ಟ.

“ಇರೋದು ದೊಡ್ಡದಾಯ್ತದೆ. ಇಲ್ದೇ ಇರೋದನ್ನ ಸ್ಕ್ರೀನು ಎಲ್ಲಿಂದ ತರ್ತದೆ?” ಎಂದರು ಉಸ್ತಾದ್. ಪ್ರೂಫನ್ನು ಮಡಚಿ ಪಕ್ಕಕ್ಕಿಟ್ಟು, “ಕೈಯಾಗೆ ಬರೀಬೇಕು. ಚುಕ್ಕಿಯಾಗೇ ಬರೀಬೇಕು,” ಎಂದರು.

ಅವರ ತಂದೆ ಕಲ್ಲಚ್ಚಿನ ಕಾಲದವರು. ನುಣ್ಣಗೆ ಉಜ್ಜಿದ ಕಲ್ಲಿನ ಮೇಲೆ ನಿಬ್ಬಿನಿಂದ ಒಂದೊಂದೇ ಚುಕ್ಕಿಯಿಟ್ಟು ಬೀಡಿ, ಊದುಬತ್ತಿ ಲೇಬಲ್ಲುಗಳಿಗೆ ಮುಖ ಬರೆಯುತ್ತಿದ್ದರಂತೆ. ಉಸ್ತಾದ್ ಅದನ್ನು ಮನೆಯಲ್ಲೇ ಕಲಿತಿದ್ದರು. ಹಾಗೆ ಅಚ್ಚ ಕಪ್ಪು ಚುಕ್ಕಿಯಲ್ಲಿ ಬರೆದ ಚಿತ್ರಕ್ಕೆ ಸ್ಕ್ರೀನಿನ ಹಂಗಿಲ್ಲ. ಗೆರೆಚಿತ್ರದಂತೆ ನೇರವಾಗಿ ಬ್ಲಾಕು ಮಾಡಬಹುದು. ಎಂಥ ಕೆಟ್ಟ ಕಾಗದದ ಮೇಲೂ ನಿಲ್ಲುತ್ತದೆ. ಆದರೆ ಉಸ್ತಾದರ ಕಣ್ಣಿಗೆ ಆಗ ಪೊರೆ ಬರುತ್ತಿತ್ತು. ನಿಬ್ಬನ್ನು ನನ್ನ ಕೈಗಿಟ್ಟರು.

“ನಂಗೆ ಇವ್ರ ತಮ್ಮನ್ನ ನೋಡೇ ಗೊತ್ತಿಲ್ವಲ್ಲ ಉಸ್ತಾದ್,” ಎಂದೆ.

“ನೋಡಿದೋರು ಇರ್ತಾರಲ್ಲ,” ಎಂದು ಬೋರಯ್ಯನ ಕಡೆ ತಿರುಗಿದರು. “ಅಮ್ಮ ಅವ್ರಾ? ಕರ್ಕೊಂಡ್ ಬಾ.”

ಮಾರನೇ ದಿನ ಬೋರಯ್ಯನ ತಾಯಿ ಬಂದಳು. ಒಣಗಿದ ಬಡಕಲು ಜೀವ. ಅಂಗಡಿಯ ವಾಸನೆಗೆ ಸೆರಗನ್ನು ಮೂಗಿಗೆ ಹಿಡಿದು ಬಾಗಿಲಲ್ಲೇ ನಿಂತಳು. ಕೆ.ಆರ್. ಪೇಟೆಯವರ ಕೆಲಸ ಬಾಕಿಯಿದೆ ಎಂದು ಅಷ್ಟು ಹೊತ್ತು ಕೂಗಾಡುತ್ತಿದ್ದ ಚೌಡೇಗೌಡರು ಅವಳನ್ನು ನೋಡಿ ಮಾತು ನಿಲ್ಲಿಸಿದರು. ತಮ್ಮ ಕುರ್ಚಿಯನ್ನೇ ತಂದು ನನ್ನ ಪಕ್ಕ ಹಾಕಿ, “ಕೂತ್ಕೋ ಅಜ್ಜಿ,” ಎಂದು ಹೊರಗೆ ಹೋದರು.

ದಪ್ಪ ಬಿಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಮುಖದ ಆಕಾರ ಎಳೆದುಕೊಂಡು ಕೇಳತೊಡಗಿದೆ. ಅಜ್ಜಿಗೆ ಮಾತಿನಲ್ಲಿ ಹೇಳಲು ಬರಲಿಲ್ಲ. ತನ್ನ ಮುಖ ಮುಟ್ಟಿ ಮುಟ್ಟಿ ತೋರಿಸಿದಳು. “ಕೆನ್ನೆ ಇಲ್ಲಿ ಇಂಗೆ ಒಳೀಕೆ ಓಗೈತೆ ಕಣವ್ವ. ಹಣೆ ಅವ್ರಪ್ಪಂದು, ಅಗ್ಲ. ಮೂಗು ನಂದೇಯ. ನನ್ನ ನೋಡ್ಕೊಂಡೇ ಬರಿ.”

ಅವಳನ್ನು ನೋಡಿಕೊಂಡೇ ಬರೆದೆ. ಕೆನ್ನೆಯ ಗುಳಿಗೆ ಒತ್ತೊತ್ತಾಗಿ, ಮೂಗಿನ ಉಬ್ಬಿಗೆ ಬರಿ ಕಾಗದ ಬಿಟ್ಟು, ಪಕ್ಕಕ್ಕೆ ಸರಿದಂತೆ ಚುಕ್ಕಿ ಹೆಚ್ಚಿಸುತ್ತಾ ಹೋದೆ. ಚುಕ್ಕಿಯ ಕೆಲಸದಲ್ಲಿ ಕೈ ಎಳೆಯುವಂತಿಲ್ಲ. ನಿಬ್ಬು ಊರಬೇಕು, ಎತ್ತಬೇಕು. ಎಳೆದರೆ ಚುಕ್ಕಿಗೆ ಬಾಲ ಬರುತ್ತದೆ, ಬಾಲ ಬಂದರೆ ಚರ್ಮ ಗೀರಿದಂತೆ ಕಾಣುತ್ತದೆ. ಉಸ್ತಾದ್ ಹಿಂದೆ ನಿಂತು, “ಜಲ್ದಿ ಬೇಡ, ಜಲ್ದಿ ಬೇಡ” ಎನ್ನುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಒಂದು ಮುಖವಾಯಿತು. ಅಜ್ಜಿ ನೋಡಿ ತಲೆಯಾಡಿಸಿದಳು.

“ಎಲ್ಲಾ ಅವ್ನೇಯ. ಅವ್ನಲ್ಲ.”

“ಏನಾಗೈತೆ ಏಳವ್ವ,” ಎಂದು ಬೋರಯ್ಯ ಗೋಗರೆದ.

ಅವಳು ಬಹಳ ಹೊತ್ತು ನೋಡಿದಳು. ಕೊನೆಗೆ ಕಣ್ಣಿನ ಮೇಲೆ ಬೆರಳಿಟ್ಟಳು. “ಅವ್ನು ಇಂಗೆ ನೆಟ್ಟಗೆ ನೋಡಕಿಲ್ಲ ಕಣವ್ವ. ಯಾರ ಕಣ್ಣೂ ನೋಡಕಿಲ್ಲ. ಬಾಯಿ ನೋಡ್ತಾನೆ. ಏನ್ ಏಳ್ತಾವ್ರೆ ಅಂತ ಬಾಯಿ ನೋಡ್ತಾನೆ.”

ಬ್ಲೇಡಿನ ತುದಿಯಿಂದ ಕಣ್ಣಿನ ಚುಕ್ಕಿಗಳನ್ನು ಹೆರೆದು ತೆಗೆದೆ. ಕಾಗದದ ನವಿರು ಏಳದಂತೆ ಉಗುರಿನಿಂದ ಸವರಿ, ಪಾಪೆಯನ್ನು ಒಂದೆಳೆ ಕೆಳಗಿಳಿಸಿದೆ. ಮೇಲಿನ ರೆಪ್ಪೆಯ ನೆರಳನ್ನು ಸ್ವಲ್ಪ ದಟ್ಟ ಮಾಡಿದೆ. ಹುಬ್ಬಿನ ನಡುವೆ ಅದೇನೆಂದು ಕೇಳುವಂಥ ಒಂದು ಸಣ್ಣ ನೆರಳನ್ನು ನಾಲ್ಕಾರು ಚುಕ್ಕಿಯಲ್ಲಿ ತಂದೆ. ಹಾಳೆಯನ್ನು ಅಜ್ಜಿಯ ಮುಂದೆ ಹಿಡಿದೆ.

“ಚಿಕ್ಕಾ,” ಎಂದಳು. ಕಿವಿ ಕೇಳದ ಮಗನನ್ನು ಅವಳು ಹೆಸರು ಹಿಡಿದು ಕರೆದದ್ದು ಅದೇ ಮೊದಲೇನೋ ಎನ್ನುವಂತೆ ಬೋರಯ್ಯ ಅವಳನ್ನೇ ನೋಡುತ್ತಿದ್ದ.

ಅವತ್ತೇ ಬ್ಲಾಕು ಕೊರೆದೆವು. ಕರಪತ್ರ ನಾಗಮಂಗಲದಲ್ಲಿ ಅಚ್ಚಾಗಿ, ಬಸ್ಸುಗಳಲ್ಲಿ ಊರೂರಿಗೆ ಹೋಯಿತು. ದಿನಗಳು ಕಳೆದವು. ಬೇರೆ ಬೇರೆ ಮುಖಗಳು ಬಂದವು, ಹೋದವು. ಆ ಕೆಲಸ ವ್ಯರ್ಥವಾಯಿತು ಎಂದು ನಾನು ಮನಸ್ಸಿನಲ್ಲೇ ಒಪ್ಪಿಕೊಂಡಿದ್ದೆ.

ಆಮೇಲೊಂದು ದಿನ ಅಂಗಡಿಯ ಮುಂದೆ ಬೋರಯ್ಯ ನಿಂತಿದ್ದ. ಕೈಯಲ್ಲಿ ಬೆಲ್ಲದ ಅಚ್ಚುಗಳ ಚೀಲ. ಪಕ್ಕದಲ್ಲಿ ಇನ್ನೊಬ್ಬ. ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ನನಗೆ ಆ ಕೆನ್ನೆಯ ಗುಳಿ ಗೊತ್ತಿತ್ತು.

ಚಿಕ್ಕಣ್ಣ ತಪ್ಪು ಬಸ್ಸು ಹತ್ತಿ ಕೆ.ಆರ್. ಪೇಟೆ ಸೇರಿದ್ದ. ಅಲ್ಲಿ ಒಂದು ಆಲೆಮನೆಯವರು ಪಾಪವೆಂದು ಊಟ ಹಾಕಿದ್ದರು. ಕಬ್ಬಿನ ಸಿಪ್ಪೆ ಒಣಗಿಸಿಕೊಂಡು ಅಲ್ಲೇ ಇದ್ದ. ಆಲೆಮನೆಯ ಯಜಮಾನಿ ಬಸ್ ನಿಲ್ದಾಣದ ಹೋಟೆಲಿನ ಗೋಡೆಯ ಮೇಲೆ ಕರಪತ್ರ ನೋಡಿದಳಂತೆ. “‘ನಾವು ಮಾತಾಡ್ವಾಗೆಲ್ಲ ನಮ್ ಬಾಯೇ ನೋಡ್ತಿದ್ದ. ಪಟದಾಗೂ ಅಂಗೇ ನೋಡ್ತಾವ್ನಲ್ಲ ಅಂತ ನಿಂತ್ಬುಟ್ಟೆ’ ಅಂದ್ಳು ಕಣಕ್ಕ ಆವಮ್ಮ,” ಎಂದು ಬೋರಯ್ಯ ಹೇಳಿದ.

ಚಿಕ್ಕಣ್ಣ ನನ್ನ ತುಟಿಯನ್ನೇ ನೋಡುತ್ತಿದ್ದ. ನಕ್ಕೆ. ಅವನೂ ನಕ್ಕ.

ಅವರು ಹೋದ ಮೇಲೆ ಉಸ್ತಾದ್ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು, “ಆಯ್ತಲ್ಲ ಬೇಟಿ. ತೊಟ್ಟಿ ತೊಳಿ, ಮುಂದಿಂದು ಹಾಕು,” ಎಂದರು. ಅವರ ಬಾಯಿಂದ ನನಗೆ ಸಿಕ್ಕ ಹೊಗಳಿಕೆ ಅಷ್ಟೇ. ಸಾಕಾಗಿತ್ತು.

ಆಮೇಲೆ ಆಫ್‌ಸೆಟ್ ಬಂತು. ಮೊಳೆಯೂ ಬೇಡ, ಬ್ಲಾಕೂ ಬೇಡ. ಗಾಜಿನ ಸ್ಕ್ರೀನಿನ ಜಾಗಕ್ಕೆ ಫಿಲ್ಮಿನಂಥ ತೆಳು ಹಾಳೆ ಬಂತು. ನಮ್ಮ ಅಂಗಡಿಗೆ ಬರುವವರು ಒಬ್ಬೊಬ್ಬರಾಗಿ ನಿಂತರು. ಗೌಡರು ಬಾಗಿಲು ಹಾಕುವುದೆಂದು ತೀರ್ಮಾನಿಸಿದಾಗ ನಾನು ಅತ್ತೆ, ಉಸ್ತಾದ್ ಅಳಲಿಲ್ಲ. ಮೈಸೂರಿನಲ್ಲಿ ಹೊಸ ಮಿಷನ್ನು ನೋಡಿಬರೋಣ ನಡಿ ಎಂದು ಕರೆದುಕೊಂಡು ಹೋದರು. ಬಣ್ಣದ ಹಾಳೆಯೊಂದನ್ನು ಎತ್ತಿ, ಭೂತಗನ್ನಡಿ ಹಿಡಿದು, ಮಗುವಿನ ಹಾಗೆ ನಕ್ಕರು. “ಬುಟ್ಟಿಲ್ಲ ನೋಡು ಬೇಟಿ ಇವ್ರೂನು! ನೀಲಿ, ಕೆಂಪು, ಹಳದಿ, ಕಪ್ಪು, ಎಲ್ಲಾ ಚುಕ್ಕಿನೇ!” ಅದೇ ಧೈರ್ಯದಲ್ಲಿ ನಾನು ಪಾಂಡವಪುರದ ಒಂದು ಆಫ್‌ಸೆಟ್ ಪ್ರೆಸ್ಸು ಸೇರಿದೆ. ಫಿಲ್ಮಿನ ಕೆಲಸ ಕಲಿತೆ. ಕಂಪ್ಯೂಟರು ಬಂದಾಗ ಅದನ್ನೂ ಅಷ್ಟಿಷ್ಟು ಕಲಿತೆ. ಉಸ್ತಾದ್ ಈಗಿಲ್ಲ. ನಾನು ಕೆಲಸ ಬಿಟ್ಟದ್ದು ಕಣ್ಣಿನ ಆಪರೇಷನ್ ಆದ ಮೇಲೆ. ಇನ್ನು ಚುಕ್ಕಿಯ ಸಹವಾಸ ಮುಗಿಯಿತೆಂದುಕೊಂಡಿದ್ದೆ.

ಹೋದ ವರ್ಷ ನಮ್ಮ ಬೀದಿಯ ರಮ್ಯ ಮನೆಗೆ ಬಂದಳು. ಚೌಕಟ್ಟಿಗೆ ಸಣ್ಣ ಕಣ್ಣಿನ ಬಟ್ಟೆ ಬಿಗಿದು, ಅದರ ಮೂಲಕ ಬಣ್ಣ ಎಳೆದು ಚೀಲ, ಅಂಗಿಗಳ ಮೇಲೆ ಅಚ್ಚು ಹಾಕುವ ಅಂಗಡಿಯನ್ನು ಹೊಸದಾಗಿ ಇಟ್ಟಿದ್ದಳು. ತೊಣ್ಣೂರಿನ ಹೆಂಗಸರ ಸಂಘದವರು ತಮ್ಮ ಹಪ್ಪಳ, ಚಟ್ನಿಪುಡಿ ಮಾರಲು ಬಟ್ಟೆಚೀಲ ಕೇಳಿದ್ದರು. ಚೀಲದ ಮೇಲೆ ತೊಣ್ಣೂರು ಕೆರೆಯ ಚಿತ್ರ. ಅವಳ ಮೊದಲ ದೊಡ್ಡ ಕೆಲಸ.

“ನೀರೆಲ್ಲ ಮಸಿ ಮಸಿ ಆಗ್ತಾ ಐತೆ ಜಯಕ್ಕ. ಒಂದ್ಸಲ ಬಂದು ನೋಡ್ತೀರಾ?”

ಹೋದೆ. ಬಟ್ಟೆಯನ್ನು ಬೆರಳಲ್ಲಿ ಉಜ್ಜಿದೆ. ಚುಕ್ಕಿಗಳು ತೀರ ಸಣ್ಣವಾಗಿದ್ದವು. ದಪ್ಪ ಮಾಡು, ಸಾಲು ಬಿಡಿ ಮಾಡು ಎಂದೆ. ಅವಳು ಕಂಪ್ಯೂಟರಿನಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ಮಾಡಿದಳು. ಅದಕ್ಕಾಗಿ ನಾವು ಅರ್ಧ ದಿನ ಬೆವರುತ್ತಿದ್ದೆವು! ಮಸಿ ಹೋಯಿತು, ಆದರೆ ನೀರಿನ ತುಂಬ ಚೌಕಳಿ ಎದ್ದಿತು. ಚೌಕಟ್ಟಿನ ಬಟ್ಟೆಯ ಎಳೆಗಳಿಗೂ ಚುಕ್ಕಿಯ ಸಾಲಿಗೂ ಜಗಳ ಎಂದು ನನಗೆ ತಿಳಿಯಿತು. ಸಾಲನ್ನು ನಲವತ್ತೈದು ಡಿಗ್ರಿ ಓರೆ ಮಾಡು ಎಂದೆ. ಜೀವಮಾನವಿಡೀ ಕಪ್ಪು ಚಿತ್ರಕ್ಕೆ ನಾವು ಇಟ್ಟ ಓರೆ ಅದು. ಹೋಗಲಿಲ್ಲ. ದಿಕ್ಕು ತೋಚದೆ ಕೂತೆ.

ರಮ್ಯ ಸುಮ್ಮನಾಗಲಿಲ್ಲ. ಕೋನ ಬದಲಿಸುತ್ತಾ, ಒಂದೊಂದನ್ನೂ ಚಿಂದಿಬಟ್ಟೆಯ ಮೇಲೆ ಎಳೆದು ನೋಡುತ್ತಾ ಹೋದಳು. “ಇಪ್ಪತ್ತೆರಡೂವರೆ ಹಾಕಿದ್ದೀನಿ, ನೋಡಿ,” ಎಂದಳು. ನೋಡಿದೆ. ನೀರು ತಿಳಿಯಾಗಿತ್ತು. ದಡದ ಹತ್ತಿರ ದಟ್ಟ, ನಡುವೆ ತೆಳು, ಬೆಟ್ಟದ ನೆರಳು ಅದರೊಳಗೆ ನಿಧಾನ ಕರಗುತ್ತಿತ್ತು. ನಾನು ಈ ಕೆಲಸಕ್ಕೆ ಬಂದ ಮೇಲೆ ಯಾರೂ ಹೇಳಿಕೊಡದ ಕೋನ! ಎಷ್ಟು ಖುಷಿಯಾಯಿತೆಂದರೆ ಆ ಚಿಂದಿಯನ್ನು ಮನೆಗೆ ತಂದು ನಮ್ಮ ಮನೆಯ ಮೇಷ್ಟ್ರಿಗೆ ತೋರಿಸಿದೆ.

ಚೀಲಗಳು ಒಣಗಿದ ದಿನ ತೊಣ್ಣೂರಿನಿಂದ ಮೂವರು ಹೆಂಗಸರು ಬಂದರು. ಅವರಲ್ಲಿ ಹಿರಿಯಳು ಮಾದಮ್ಮ. ಒಂದು ಚೀಲ ಎತ್ತಿಕೊಂಡು ಬೆಳಕಿಗೆ ಹಿಡಿದಳು.

“ಅಗಳೋ, ಬಟ್ಟೆ ಒಗಿಯೋ ಕಲ್ಲು! ನಾನು ಮದ್ವೆಯಾಗಿ ಬಂದ ಮಾರ್ನೇ ದಿನ ಅಲ್ಲೇ ಕಣ್ರೇ ಜಾರಿ ಬಿದ್ದಿದ್ದು!”

ಮೂವರೂ ಚೀಲದ ಮೇಲೆ ಬಗ್ಗಿ ಕಲ್ಲು, ಮರ, ದಾರಿ ಎಂದು ಹುಡುಕತೊಡಗಿದರು. ರಮ್ಯ ನನ್ನ ಕೈ ಹಿಚುಕಿದಳು. ಎಲ್ಲ ನೋಡಿ ಮುಗಿದ ಮೇಲೆ ಮಾದಮ್ಮ ಸಂಕೋಚದಿಂದ ಸೆರಗು ಸರಿಮಾಡಿಕೊಂಡಳು.

“ಕೆರೆ ಬಂತು. ಹಪ್ಳ ಒತ್ತೋರು ನಾವಲ್ವಾ? ಮುಂದ್ಲ ಸಲಕ್ಕೆ ನಮ್ ಮುಖವೂ ಬತ್ತದಾ ಅಕ್ಕಾ, ಇಂಗೇಯ?”

“ಫೋಟೋ ತೆಗೀಲಾ?” ಎಂದು ರಮ್ಯ ಫೋನು ಎತ್ತಿಕೊಂಡಳು. ಆಮೇಲೆ ಅದೇನನ್ನಿಸಿತೋ, ಫೋನು ಕೆಳಗಿಟ್ಟು ನನ್ನ ಮುಖ ನೋಡಿದಳು.

ಬಿಳಿ ಹಾಳೆ ಕೊಡು, ನಿಬ್ಬು ಇದ್ದರೆ ಕೊಡು ಎಂದೆ. ನಿಬ್ಬು ಇರಲಿಲ್ಲ, ಸಣ್ಣ ಮೊನೆಯ ಕಪ್ಪು ಪೆನ್ನು ಸಿಕ್ಕಿತು. ಕಿಟಕಿಯ ಪಕ್ಕಕ್ಕೆ ಸ್ಟೂಲು ಎಳೆದೆ.

“ಬಾ ಮಾದವ್ವ,” ಎಂದೆ. “ಇಂಗೆ ಬೆಳಕಿನ ಕಡೀಕೆ ತಿರುಗ್ಕೊಂಡು ಕೂತ್ಕೋ.”